ಬ್ಯಾಗ್-ಇನ್-ಬಾಕ್ಸ್ (ವೈನ್ ಶೇಖರಣೆ)

ಗಾಜಿನ ಬಾಟಲಿಗೆ ಬದಲಾಗಿ ನಲ್ಲಿ ಜೋಡಿಸಿದ ಪ್ಲಾಸ್ಟಿಕ್ ಚೀಲದಲ್ಲಿ ವೈನನ್ನು ತುಂಬಿ, ಆ ಚೀಲವನ್ನು ರಟ್ಟಿನ ಪೆಟ್ಟಿಗೆಯೊಳಗೆ ಇರಿಸುವ ವಿಧಾನ. ದಕ್ಷಿಣ ಆಸ್ಟ್ರೇಲಿಯದ ರೆನ್‌ಮಾರ್ಕ್‌ನ ವೈನ್ ತಯಾರಕ ಥಾಮಸ್ ಆಂಗೋವ್ 1965ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಆತನ ಮೊದಲ ಚೀಲಕ್ಕೆ ನಲ್ಲಿಯೇ ಇರಲಿಲ್ಲವಾದ್ದರಿಂದ ಬಳಸುವವರು ಅದರ ಮೂಲೆಯನ್ನು ಕತ್ತರಿಸಿ, ವೈನನ್ನು ಬಗ್ಗಿಸಿಕೊಂಡು, ಮತ್ತೆ ಕ್ಲಿಪ್ಪು ಹಾಕಿ ಮುಚ್ಚಬೇಕಾಗಿತ್ತು. ಮರದ ಚೂರೂ ಇಲ್ಲದ ಈ ಪೆಟ್ಟಿಗೆಯನ್ನು ಆಸ್ಟ್ರೇಲಿಯನ್ನರು ಇಂದಿಗೂ 'ಕಾಸ್ಕ್', ಅಂದರೆ ಪೀಪಾಯಿ, ಎಂದೇ ಕರೆಯುತ್ತಾರೆ.

ವೈನ್ ಹೊರಬಂದಷ್ಟೂ ಚೀಲ ಕುಗ್ಗುತ್ತ ಹೋಗಿ ಒಳಗೆ ಗಾಳಿಗೆ ಎಡೆಗೊಡದಿರುವುದೇ ಈ ವಿಧಾನದ ಜೀವಾಳ. ತೆರೆದ ಬಾಟಲಿಯ ವೈನು ಕೆಲವೇ ದಿನಗಳಲ್ಲಿ ರುಚಿಗೆಟ್ಟರೆ, ಇದರಲ್ಲಿ ಕೆಲವು ವಾರ ಉಳಿಯುತ್ತದೆ.

ಮನೆಯಲ್ಲಿ ತಯಾರಿಸಿದ ವೈನನ್ನು ಹೀಗೆ ತುಂಬುವ ಮೊದಲು ಅದರ ಹುದುಗುವಿಕೆ, ಎಂದರೆ ಯೀಸ್ಟು ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುವ ಕ್ರಿಯೆ, ಪೂರ್ಣವಾಗಿ ಮುಗಿದಿರಬೇಕು ಮತ್ತು ದ್ರವದಲ್ಲಿ ಕರಗಿ ಉಳಿದ ಅನಿಲವನ್ನು ಹೊರಹಾಕಿರಬೇಕು; ಇಲ್ಲವಾದರೆ ಚೀಲ ಉಬ್ಬಿ ಬೆಸುಗೆ ಬಿಟ್ಟುಕೊಳ್ಳುವ ಸಂಭವವಿದೆ. ತುಂಬಿದ ಮೇಲೆ ಚೀಲವನ್ನು ಮೆಲ್ಲಗೆ ಒತ್ತಿ, ಒಳಗೆ ಉಳಿದ ಗಾಳಿಯನ್ನು ಬಾಯಿಯಿಂದ ಹೊರಡಿಸಿ, ಅನಂತರ ನಲ್ಲಿಯನ್ನು ಕೂರಿಸಲಾಗುತ್ತದೆ. ಗಾಜಿನಂತಲ್ಲದೆ ಪ್ಲಾಸ್ಟಿಕ್ ಪದರದ ಮೂಲಕ ಆಮ್ಲಜನಕ ಅತಿ ನಿಧಾನವಾಗಿಯಾದರೂ ಒಳಸೇರುತ್ತದೆ. ಲೋಹಲೇಪಿತ ಪದರ ಇದನ್ನು ತಗ್ಗಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಆದುದರಿಂದ ಸಾಮಾನ್ಯವಾಗಿ 6ರಿಂದ 12 ತಿಂಗಳೊಳಗೆ ಕುಡಿದು ಮುಗಿಸುವ ವೈನಿಗಷ್ಟೇ ಇದು ಒಪ್ಪುತ್ತದೆ; ವರ್ಷಗಟ್ಟಲೆ ಮಾಗಬೇಕಾದ ವೈನಿಗೆ ತಕ್ಕುದಲ್ಲ.