ವಾದ್ಯ ಮತ್ತು ತನ್ಮಯತೆ: ದುರ್ಗದ ಸೀಮೆಯ ಗಣೆ ಹೇಳುವ ಪಾಠ



ನಿಮ್ಮಲ್ಲಿ ಕೆಲವರು ಕೊಳಲು, ಪಿಟೀಲು, ತಬಲ ಅಥವಾ ಹಾರ್ಮೋನಿಯಂ ಕಲಿಯುತ್ತಿರಬಹುದು. ಅಭ್ಯಾಸಕ್ಕೆ ಕುಳಿತ ಮೊದಲ ಹತ್ತು ನಿಮಿಷ ಕಣ್ಣು ಗಡಿಯಾರದ ಮೇಲೆಯೇ ಇರುತ್ತದೆ. ಎಲ್ಲೋ ಒಂದು ದಿನ ಮಾತ್ರ ಬೇರೆ ರೀತಿಯಾಗುತ್ತದೆ. ಬೆರಳು ತಾನಾಗಿಯೇ ಸ್ವರದ ಮೇಲೆ ಕೂರುತ್ತದೆ. ಊಟಕ್ಕೆ ಕರೆದ ತಾಯಿಯ ದನಿಯೂ ಕಿವಿಗೆ ಬೀಳುವುದಿಲ್ಲ. ತಲೆಯೆತ್ತಿ ನೋಡಿದರೆ ಒಂದು ಗಂಟೆ ಕಳೆದುಹೋಗಿರುತ್ತದೆ. ಇದನ್ನು ನಮ್ಮ ಹಿರಿಯರು ತನ್ಮಯತೆ, ತಲ್ಲೀನತೆ, ಮೈಮರೆವು ಎಂದೆಲ್ಲ ಕರೆದಿದ್ದಾರೆ. ತಾಳದ ನಡೆಗೂ, ಒಂದು ಇನ್ನೊಂದರಲ್ಲಿ ಕರಗಿಹೋಗುವುದಕ್ಕೂ ನಮ್ಮಲ್ಲಿ ‘ಲಯ’ ಎಂಬ ಒಂದೇ ಪದವಿರುವುದು ಗಮನಿಸಬೇಕಾದ ಸಂಗತಿ.

ಈ ಸ್ಥಿತಿ ಕೆಲವರಿಗೆ ಮಾತ್ರ ಒಲಿಯುವ ವರವೇ? ಅಥವಾ ಅದಕ್ಕೂ ಕಾರಣಗಳಿವೆಯೇ, ಚರಿತ್ರೆಯಿದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಚಿತ್ರದುರ್ಗದ ಸೀಮೆಯ ಒಂದು ವಾದ್ಯವನ್ನು ನಿಮಗೆ ಪರಿಚಯಿಸುತ್ತೇನೆ. ಅದರ ಹೆಸರು ಗಣೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿಯೂ ಪಕ್ಕದ ಚಳ್ಳಕೆರೆ, ಶಿರಾ ತಾಲ್ಲೂಕುಗಳಲ್ಲಿಯೂ ಕಾಡುಗೊಲ್ಲರ ಹಟ್ಟಿಗಳಿವೆ. ದನ, ಕುರಿಗಳನ್ನು ಸಾಕಿಕೊಂಡು ಬಂದ ಈ ಜನ ತಮ್ಮ ಪೂರ್ವಿಕ ವೀರರನ್ನೇ ದೈವವೆಂದು ನಂಬಿದವರು. ಅಂಥ ವೀರರಲ್ಲಿ ಪ್ರಸಿದ್ಧನಾದವನು ಜುಂಜಪ್ಪ. ಶಿರಾ ತಾಲ್ಲೂಕಿನ ಕಳುವರಹಳ್ಳಿ ಅವನ ಮುಖ್ಯ ಕ್ಷೇತ್ರ. ದನ ಕಾಯುತ್ತ ಗಣೆ ಊದಿದವನು ಜುಂಜಪ್ಪ. ಅವನ ಕಥೆಯನ್ನು ಹಾಡುವವರ ಕೈಯಲ್ಲಿಯೂ ಗಣೆಯೇ ಇರುತ್ತದೆ. ತೀ.ನಂ. ಶಂಕರನಾರಾಯಣ, ಮೀರಾಸಾಬಿಹಳ್ಳಿ ಶಿವಣ್ಣ ಮೊದಲಾದ ವಿದ್ವಾಂಸರು ಕಾಡುಗೊಲ್ಲರ ಆಚರಣೆಗಳನ್ನೂ ಕಾವ್ಯಗಳನ್ನೂ ಅಧ್ಯಯನ ಮಾಡಿ ನಾಡಿಗೆ ತಿಳಿಸಿಕೊಟ್ಟಿದ್ದಾರೆ.

ಗಣೆಯೆಂದರೆ ಬಿದಿರಿನ ಉದ್ದನೆಯ ಕೊಳಲು. ಕೊಳವೆ ಉದ್ದವಾದಷ್ಟೂ ಸ್ವರ ತಗ್ಗಿನದಾಗುತ್ತದೆ. ಉಸಿರನ್ನೂ ಹೆಚ್ಚು ಹಿಡಿತದಲ್ಲಿಟ್ಟುಕೊಳ್ಳಬೇಕಾಗುತ್ತದೆ. ಕಲಾವಿದ ಕಥೆಯ ಒಂದು ಭಾಗವನ್ನು ಹಾಡುತ್ತಾನೆ, ನಡುವೆ ಗಣೆ ಊದುತ್ತಾನೆ, ಮತ್ತೆ ಹಾಡಿಗೆ ಬರುತ್ತಾನೆ. ರಾತ್ರಿಯೆಲ್ಲ ಸಾಗುವ ಕಥನಕ್ಕೆ ಎದುರಿಗೆ ಪುಸ್ತಕವಿಲ್ಲ. ಮುಂದಿನ ಮಾತು ನೆನಪಿನಿಂದ ಬರಬೇಕು, ಮುಂದಿನ ನಾದ ಉಸಿರಿನಿಂದ ಬರಬೇಕು. ಇಲ್ಲಿ ಮನಸ್ಸು ಬೇರೆಡೆಗೆ ಓಡಲು ಎಡೆಯೇ ಇಲ್ಲ.

ಈಗ ಇನ್ನೊಂದು ಖಂಡಕ್ಕೆ ಬನ್ನಿ. ಅಮೆರಿಕದಲ್ಲಿ ನೆಲೆಸಿದ್ದ ಹಂಗೇರಿ ಮೂಲದ ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ (1934–2021) ಬಂಡೆ ಹತ್ತುವವರು, ಚದುರಂಗದ ಆಟಗಾರರು, ನರ್ತಕರು, ಸಂಗೀತ ರಚಿಸುವವರು ಮುಂತಾದವರನ್ನು ಮಾತನಾಡಿಸಿದರು. ತಮ್ಮನ್ನು ಮರೆತು ಕೆಲಸದಲ್ಲಿ ಮುಳುಗಿದ ಗಳಿಗೆಯನ್ನು ವರ್ಣಿಸುವಾಗ ಹಲವರು ನೀರಿನ ಸೆಳವು ತಮ್ಮನ್ನು ಕೊಂಡೊಯ್ದಂತೆ ಎಂದರು. ಆದುದರಿಂದಲೇ ಅವರು ಆ ಸ್ಥಿತಿಗೆ ‘ಹರಿವು’ ಎಂಬ ಅರ್ಥದ ಹೆಸರಿಟ್ಟರು. 1975ರಲ್ಲಿ ಮತ್ತು 1990ರಲ್ಲಿ ಬಂದ ಅವರ ಗ್ರಂಥಗಳಿಂದ ಈ ವಿಚಾರ ಪ್ರಪಂಚಕ್ಕೆಲ್ಲ ಪರಿಚಯವಾಯಿತು.

ಅವರು ಕಂಡುಕೊಂಡ ಮುಖ್ಯ ಕಾರಣಗಳು ಮೂರು. ಮಾಡಬೇಕಾದುದೇನು ಎಂಬುದು ಸ್ಪಷ್ಟವಾಗಿರಬೇಕು. ಮಾಡಿದ್ದು ಸರಿಯೋ ತಪ್ಪೋ ಎಂಬುದು ಆ ಕ್ಷಣವೇ ತಿಳಿಯುವಂತಿರಬೇಕು. ಕೆಲಸದ ಕಷ್ಟಕ್ಕೂ ನಮ್ಮ ಕುಶಲತೆಗೂ ಹೊಂದಾಣಿಕೆ ಇರಬೇಕು. ಕೆಲಸ ತೀರ ಸುಲಭವಾದರೆ ಬೇಸರ, ತೀರ ಕಠಿಣವಾದರೆ ಆತಂಕ. ಇವೆರಡರ ನಡುವಿನ ದಾರಿಯಲ್ಲಿ ತನ್ಮಯತೆ ಲಭಿಸುತ್ತದೆ.

ಗಣೆಗೆ ಇದನ್ನು ಅನ್ವಯಿಸಿ ನೋಡಿ. ಕಥೆಯ ಮುಂದಿನ ಹೆಜ್ಜೆ ಯಾವುದೆಂದು ಹಾಡುವವನಿಗೆ ಗೊತ್ತು. ಉಸಿರು ತುಸು ತಪ್ಪಿದರೂ ಬಿದಿರು ಒಡನೆಯೇ ಹೇಳಿಬಿಡುತ್ತದೆ. ಹಾಡು, ಊದು, ನೆನಪು ಈ ಮೂರನ್ನೂ ಒಟ್ಟಿಗೆ ನಡೆಸುವುದು ಪಳಗಿದವನಿಗೂ ಹಗುರವಾದ ಕೆಲಸವಲ್ಲ. ಗ್ರಂಥದಲ್ಲಿ ಹೇಳಿದ ಮೂರು ಕಾರಣಗಳೂ ಗೊಲ್ಲರ ಹಟ್ಟಿಯಲ್ಲಿ ಒಟ್ಟಿಗೆ ಸೇರಿವೆ.

ಮಿದುಳಿನ ಪರೀಕ್ಷೆಯೂ ಈ ದಿಕ್ಕಿನಲ್ಲಿ ಒಂದು ಸುಳಿವು ಕೊಟ್ಟಿದೆ. 2008ರಲ್ಲಿ ಅಮೆರಿಕದ ಸಂಶೋಧಕರು ಆರು ಮಂದಿ ಜಾಝ್ ಪಿಯಾನೊ ವಾದಕರು ಮನೋಧರ್ಮದಿಂದ ನುಡಿಸುತ್ತಿದ್ದಾಗ ಅವರ ಮಿದುಳಿನ ಚಿತ್ರ ತೆಗೆದರು. ನಮ್ಮನ್ನು ನಾವೇ ಕಾವಲು ಕಾಯುವ, ತಪ್ಪು ಎಣಿಸುವ ಕೆಲಸಕ್ಕೆ ಸಂಬಂಧಿಸಿದ ಕೆಲವು ಭಾಗಗಳ ಚಟುವಟಿಕೆ ಆಗ ತಗ್ಗಿತ್ತು. ಆರು ಮಂದಿಯ ಪರೀಕ್ಷೆಯಿಂದ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೆ ವರ್ಷಗಟ್ಟಲೆ ಅಭ್ಯಾಸ ಮಾಡಿದವರ ಮೇಲೆ ನಡೆದ ಪರೀಕ್ಷೆ ಇದೆಂಬುದನ್ನು ಮರೆಯಬಾರದು. ಕಲಿಯದೆಯೇ ಮರೆಯಲು ಸಾಧ್ಯವಿಲ್ಲ.

‘ನಾನು ಹೇಗೆ ಕಾಣುತ್ತಿದ್ದೇನೆ, ಯಾರು ಮೆಚ್ಚಿದರು’ ಎಂಬ ಚಿಂತೆ ತನ್ಮಯತೆಗೆ ದೊಡ್ಡ ಶತ್ರು. ಈ ವಿಷಯವನ್ನು ದುರ್ಗದ ನೆಲದಿಂದಲೇ ಬಂದ ಒಂದು ಕಾದಂಬರಿ ಕೈಗೆತ್ತಿಕೊಂಡಿದೆ. ತ.ರಾ.ಸು. ಅವರ ‘ಹಂಸಗೀತೆ’ ಚಿತ್ರದುರ್ಗದ ಸಂಗೀತಗಾರ ವೆಂಕಟಸುಬ್ಬಯ್ಯನ ಕಥೆ, 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಚಲನಚಿತ್ರವಾಗಿಸಿದರು. ಆಳುವವರ ಅಪ್ಪಣೆಗೆ ಹಾಡಲೊಪ್ಪದ ಗಾಯಕನನ್ನು ಅಲ್ಲಿ ಕಾಣುತ್ತೇವೆ. ಅದು ಕಾದಂಬರಿ, ದಾಖಲೆಯಲ್ಲ. ಆದರೂ ನಾದ ಯಾರಿಗಾಗಿ ಎಂಬ ಅದರ ಪ್ರಶ್ನೆ ಪ್ರತಿಯೊಬ್ಬ ಕಲಾವಿದನ ಪ್ರಶ್ನೆ.

ಇನ್ನು ಚರಿತ್ರೆಯ ಮಾತಿಗೆ ಬರೋಣ. ತನ್ಮಯತೆಗೆ ಕುಶಲತೆ ಬೇಕು, ಕುಶಲತೆಗೆ ಬಿಡುವು ಬೇಕು. ಗಣೆ ಊದುವವನಿಗೆ ಆ ಬಿಡುವನ್ನು ಕೊಟ್ಟದ್ದು ಹುಲ್ಲುಗಾವಲು. ಬೆಳಗಿನಿಂದ ಸಂಜೆಯವರೆಗೆ ಮಂದೆಯ ಹಿಂದೆ ನಡೆಯುವವನಿಗೆ ಯಾರೂ ಅಡ್ಡಿಪಡಿಸದ ಗಂಟೆಗಳು ಸಿಗುತ್ತಿದ್ದವು. ಈ ಸೀಮೆಯಲ್ಲಿ ಗೋಮಾಳಗಳಿದ್ದವು, ಕುರುಚಲು ಕಾಡಿತ್ತು, ಅಮೃತಮಹಲ್ ಕಾವಲುಗಳಿದ್ದವು. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಕಾಲದ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಎನಿಸಿತು. ಕಾಲಾನಂತರ ಬಯಲು ಕಿರಿದಾಯಿತು. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡು ಹಿರಿಯೂರಿನ ಸುತ್ತ ನೀರಾವರಿ ಬಂತು. 2008ರ ನಂತರದ ವರ್ಷಗಳಲ್ಲಿ ಚಳ್ಳಕೆರೆ ತಾಲ್ಲೂಕಿನ ಕಾವಲುಗಳ ಸಾವಿರಾರು ಎಕರೆ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು.

ನೀರಾವರಿಯಿಂದ ಅನ್ನ ಬಂದಿದೆ, ಶಾಲೆಯಿಂದ ಮಕ್ಕಳಿಗೆ ವಿದ್ಯೆ ಬಂದಿದೆ. ಇವು ಬೇಡವೆಂದು ಯಾರೂ ಹೇಳಲಾರರು. ಆದರೆ ಹುಲ್ಲುಗಾವಲಿನೊಂದಿಗೆ ಆ ದೀರ್ಘವಾದ ಗಂಟೆಗಳೂ ಹೋದವು ಎಂಬುದನ್ನು ತಿಳಿಯಬೇಕು. ಗಣೆಯನ್ನು ವಸ್ತುಸಂಗ್ರಹಾಲಯದಲ್ಲಿ ಇಡಬಹುದು, ಹಾಡನ್ನು ಧ್ವನಿಮುದ್ರಿಸಬಹುದು. ಅದನ್ನು ಊದುವಾತನ ತಲ್ಲೀನತೆಯನ್ನು ಪೆಟ್ಟಿಗೆಯಲ್ಲಿಡಲು ಬರುವುದಿಲ್ಲ. ಅದು ಮನುಷ್ಯನಿಂದ ಮನುಷ್ಯನಿಗೆ, ಸಮಯ ಕೊಟ್ಟಾಗ ಮಾತ್ರ ದಾಟುತ್ತದೆ.

ಆದುದರಿಂದ ಮಿತ್ರರೇ, ನಿಮ್ಮ ಅಭ್ಯಾಸಕ್ಕೂ ಒಂದು ಪುಟ್ಟ ಕಾವಲನ್ನು ಮೀಸಲಿಡಿ. ದಿನಕ್ಕೆ ನಲವತ್ತು ನಿಮಿಷ ಸಾಕು. ಆ ಹೊತ್ತಿನಲ್ಲಿ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಇಡೀ ಕೃತಿಯ ಬದಲು ನಿಮಗೆ ತುಸು ಕಷ್ಟವೆನಿಸುವ ಒಂದೇ ಸಾಲನ್ನು ಹಿಡಿಯಿರಿ. ನಿಧಾನವಾಗಿ ನುಡಿಸಿ, ನಿಮ್ಮ ನಾದಕ್ಕೆ ನೀವೇ ಕಿವಿಗೊಡಿ. ಅದು ಸುಲಭವಾದ ದಿನ ಮುಂದಿನ ಸಾಲಿಗೆ ಹೋಗಿ. ನಿಮ್ಮ ತಾಲ್ಲೂಕಿನಲ್ಲಿ ಗಣೆ ಊದುವ ಹಿರಿಯರಿದ್ದರೆ ರಜೆಯಲ್ಲೊಮ್ಮೆ ಹೋಗಿ ಅವರ ಮುಂದೆ ಕುಳಿತುಕೊಳ್ಳಿ. ಅವರು ಹಾಡಿ ಮುಗಿಸುವವರೆಗೂ ಎದ್ದು ಬರಬೇಡಿ.