ಲಯ ಹಿಗ್ಗಿದರೂ ಸಮ ತಪ್ಪದು: ಧಾರವಾಡದ ಸಂಗೀತ ಪರಂಪರೆ

ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗಗಳ ಸದ್ದು ಕೇಳಿ ಬೆಳೆಯುವ ಮಕ್ಕಳಿಗೆ ಲಯ ಎಂದರೆ ಒಂದೇ ಸಮನೆ ಬೀಳುವ ಪೆಟ್ಟು. ಮಗ್ಗಕ್ಕೆ ಅದು ಸರಿ. ಆದರೆ ಸಂಗೀತದಲ್ಲಿ ಲಯ ನಿಧಾನವಾಗುತ್ತದೆ, ಚುರುಕಾಗುತ್ತದೆ, ಒಂದು ಸ್ವರಕ್ಕಾಗಿ ತುಸು ಕಾಯುತ್ತದೆ. ಆದರೂ ಲೆಕ್ಕ ತಪ್ಪುವುದಿಲ್ಲ. ಇದು ಹೇಗೆ ಸಾಧ್ಯ?

ಮೊದಲು ಸ್ಪೇನ್ ದೇಶದ ಒಂದು ಉದಾಹರಣೆ. ಅಲ್-ಅಂದಲುಸ್ ಎಂಬ ಅರಬ್ಬೀ ಹೆಸರನ್ನು ಇಂದಿಗೂ ಉಳಿಸಿಕೊಂಡಿರುವ ಆಂಡಲೂಸಿಯಾ ಪ್ರಾಂತ್ಯದಲ್ಲಿ ಫ್ಲಮೆಂಕೊ ಎಂಬ ಸಂಗೀತವಿದೆ. 2010ರಲ್ಲಿ ಯುನೆಸ್ಕೋ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಕೆಲವು ಪ್ರಕಾರಗಳಿಗೆ 12 ಎಣಿಕೆಯ ಆವರ್ತವಿದೆ. ಇನ್ನು ಕೆಲವಕ್ಕೆ ಎಣಿಕೆಯೇ ಇಲ್ಲ. ಗಾಯಕ ಸ್ವರವನ್ನು ಎಳೆದರೆ ಗಿಟಾರ್ ವಾದಕ ಕಾಯುತ್ತಾನೆ, ಗಾಯಕ ಉಸಿರು ತೆಗೆದುಕೊಂಡಾಗ ಆ ಬಿಡುವನ್ನು ತಾನು ತುಂಬುತ್ತಾನೆ. ಎಣಿಸುವ ಕೆಲಸ, ಹಿಂಬಾಲಿಸುವ ಕೆಲಸ ಎರಡೂ ಅವನದೇ.

ನಮ್ಮ ಹಿಂದೂಸ್ತಾನಿ ಪದ್ಧತಿಯಲ್ಲಿ ಈ ಎರಡು ಕೆಲಸಗಳನ್ನು ಇಬ್ಬರು ಹಂಚಿಕೊಂಡರು. ತಬಲಾದವರು ಠೇಕಾ ಹಿಡಿದು ಎಣಿಕೆ ಕಾಯುತ್ತಾರೆ; ಸಾರಂಗಿಯವರು ಗಾಯಕರ ನೆರಳಿನಂತೆ ಹಿಂಬಾಲಿಸುತ್ತಾರೆ. ಏಕತಾಲಕ್ಕೂ 12 ಮಾತ್ರೆಗಳೇ. ವಿಳಂಬಿತ ಲಯದಲ್ಲಿ ಒಂದು ಮಾತ್ರೆಗೆ ನಾಲ್ಕು ಸೆಕೆಂಡು ಹಿಡಿದರೆ ಒಂದು ಆವರ್ತಕ್ಕೆ 48 ಸೆಕೆಂಡು ಬೇಕು. ಆ ವಿಶಾಲ ಬಯಲಿನಲ್ಲಿ ಗಾಯಕರು ಇಷ್ಟಬಂದಂತೆ ವಿಹರಿಸಿ, ಕೊನೆಗೆ ಸಮಕ್ಕೆ ಸರಿಯಾಗಿ ಬಂದು ಸೇರಬೇಕು.

ಈ ವಿದ್ಯೆಯನ್ನು ಕರ್ನಾಟಕದಲ್ಲಿ ಬೇರೂರಿಸಿದವರಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು (1872-1937) ಪ್ರಮುಖರು. ಉತ್ತರ ಪ್ರದೇಶದ ಕೈರಾನಾದಲ್ಲಿ ಸಾರಂಗಿ ಮನೆತನದಲ್ಲಿ ಹುಟ್ಟಿದ ಅವರಿಗೆ ಹಿಂಬಾಲಿಸುವ ಕಲೆ ಮನೆಯ ಪಾಠವೇ ಆಗಿತ್ತು. ಮೈಸೂರು ಅರಮನೆಗೆ ಹೋಗಿಬರುತ್ತಾ ಅವರು ಧಾರವಾಡದಲ್ಲಿ ತಂಗುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ, ಮುಂದೆ ಸವಾಯಿ ಗಂಧರ್ವರೆಂದು (1886-1952) ಹೆಸರಾದರು. ಸಿತಾರಿನಲ್ಲಿಯೂ ಇದೇ ಕಥೆ. ಬೀನ್ ವಾದಕ ಬಂದೇ ಅಲಿ ಖಾನರ ಶಿಷ್ಯ ರಹಿಮತ್ ಖಾನರು ಧಾರವಾಡದಲ್ಲಿ ನೆಲೆಸಿ ‘ಸಿತಾರರತ್ನ’ ಎನಿಸಿಕೊಂಡರು. ತಾಳವಿಲ್ಲದ ಆಲಾಪ, ಮಿಡಿತ ಮೂಡುವ ಜೋಡ್, ವೇಗದ ಝಾಲಾ ಎಂಬ ಕ್ರಮವನ್ನು ಆ ಮನೆತನ ಕಾಪಾಡಿಕೊಂಡು ಬಂದಿತು. ಅವರ ಮೊಮ್ಮಗ ಉಸ್ತಾದ್ ಬಾಲೇ ಖಾನರನ್ನು (1942-2007) ನಮ್ಮ ತಲೆಮಾರಿನವರೂ ಕೇಳಿದ್ದಾರೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಬ್ದುಲ್ ಕರೀಂ ಖಾನರ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು ಮಾತ್ರ ಹಾಡು ಹಿಡಿಸುತ್ತಿತ್ತು. ಮೇಲಿನ ಲೆಕ್ಕದಲ್ಲಿ ಅದು ನಾಲ್ಕೇ ಆವರ್ತ! ಆದ್ದರಿಂದ ಅವರ ದನಿ ತಟ್ಟೆಯಲ್ಲಿ ಉಳಿಯಿತೇ ಹೊರತು, ಬಿಡುವಾಗಿ ಬೆಳೆಸುವ ವಿಳಂಬಿತ ಉಳಿಯಲಿಲ್ಲ. ಆ ತಟ್ಟೆ ಕೇಳಿ ಮನಸೋತ ಬಾಲಕ ಭೀಮಸೇನ ಜೋಶಿ ಮನೆಬಿಟ್ಟು ಊರೂರು ಅಲೆದು, ಕೊನೆಗೆ ಸವಾಯಿ ಗಂಧರ್ವರ ಎದುರು ವರ್ಷಗಟ್ಟಲೆ ಕುಳಿತೇ ಕಲಿಯಬೇಕಾಯಿತು. ಗಂಗೂಬಾಯಿ ಹಾನಗಲ್ಲರೂ (1913-2009) ಅದೇ ಗುರುವಿನ ಬಳಿಗೆ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಕೈರಾನಾದ ಉಸ್ತಾದರಿಂದ ಕುಂದಗೋಳದ ಶಿಷ್ಯನಿಗೆ, ಅಲ್ಲಿಂದ ಗದಗ, ಹುಬ್ಬಳ್ಳಿಯ ಮಕ್ಕಳಿಗೆ ಲಯ ಬಾಯಿಂದ ಬಾಯಿಗೇ ದಾಟಿತು. ಈ ಗುರು-ಶಿಷ್ಯರ ನಡುವೆ ಜಾತಿ, ಮತ ಅಡ್ಡಬರಲಿಲ್ಲ.

ಇಂದು ಮೊಬೈಲಿನಲ್ಲಿ ಗಂಟೆಗಟ್ಟಲೆ ಸಂಗೀತ ಸಿಗುತ್ತದೆ. ತಾಳ ಹಾಕುವ ಯಂತ್ರವೂ ಸಿಗುತ್ತದೆ. ಅದು ಎಣಿಸಬಲ್ಲದು. ಆದರೆ ಹಾಡುವವನ ಉಸಿರು ನೋಡಿ ಒಂದು ಗಳಿಗೆ ಕಾಯುವುದನ್ನು ಗುರುವಿನ ಎದುರು, ಜೊತೆಗಾರರ ನಡುವೆ ಕುಳಿತೇ ಕಲಿಯಬೇಕು. ನಮ್ಮ ಶಾಲೆಗಳಲ್ಲಿ ಹಾಡು ಕಲಿಸುವವರು ಮಕ್ಕಳಿಗೆ ತಾಳ ಹಾಕಲು ಕಲಿಸುವಷ್ಟೇ ಶ್ರದ್ಧೆಯಿಂದ, ಪಕ್ಕದವರನ್ನು ಕೇಳಿಸಿಕೊಳ್ಳಲೂ ಕಲಿಸಬೇಕು.