ಕಲ್ಲಿನಿಂದ ಕಂಪ್ಯೂಟರಿಗೆ: ನಮ್ಮ ಅಕ್ಷರಗಳು ರೂಪ ಪಡೆದ ಕಥೆ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡಿ ಎಂದು ಗುರುಗಳು ಕೇಳಿದಾಗ, ಇಂಜಿನಿಯರಾದ ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದೇ ಅವರು ಭಾವಿಸಿದ್ದರೇನೋ. ಆದರೆ ನನ್ನ ಮನಸ್ಸು ಹೋದದ್ದು ಶಾಲೆಯ ಗೋಡೆಯ ಕಡೆಗೆ. ನಾವು ಓದುವಾಗ ವರಾಂಡದ ಗೋಡೆಯ ತುಂಬ ಸುಭಾಷಿತಗಳಿದ್ದವು. ಪೇಂಟರ್ ಬಂದು, ದಾರಕ್ಕೆ ಸೀಮೆಸುಣ್ಣ ಹಚ್ಚಿ ಗೋಡೆಗೆ ಗೆರೆ ಹೊಡೆದು, ಎರಡು ಗೆರೆಗಳ ನಡುವೆ ಒಂದೊಂದೇ ಅಕ್ಷರವನ್ನು ನಿಲ್ಲಿಸುತ್ತಿದ್ದರು. ಪಾಠ ಬಿಟ್ಟು ಕಿಟಕಿಯಿಂದ ಅದನ್ನೇ ನೋಡುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. ಅವರು ಮೊದಲು ಅಕ್ಷರದ ಹೊಟ್ಟೆ ಬರೆದು, ಕೊನೆಗೆ ತಲೆಕಟ್ಟು ಎಳೆಯುತ್ತಿದ್ದರು. ಒತ್ತಕ್ಷರಕ್ಕೆ ಕೆಳಗೆ ಎಷ್ಟು ಜಾಗ ಬಿಡಬೇಕೆಂಬುದು ಅವರ ಕೈಗೇ ಗೊತ್ತಿತ್ತು.

ಈ ಅಕ್ಷರಗಳಿಗೆ ಈ ರೂಪ ಕೊಟ್ಟವರು ಯಾರು? ದುಂಡಗೆ ಏಕೆ ಇವೆ? ಆಗ ಈ ಪ್ರಶ್ನೆ ಹೊಳೆದಿರಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ನಾನೇ ಮಾಡಿದ ಒಂದು ತಪ್ಪಿನಿಂದ ಹೊಳೆಯಿತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಚರಿತ್ರೆ ನೋಡೋಣ.

ಕಲ್ಲು ಮತ್ತು ಓಲೆ

ಕ್ರಿ.ಶ. ಸುಮಾರು 450ರ ಹಲ್ಮಿಡಿ ಶಾಸನವನ್ನು ನಾವೆಲ್ಲ ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಆದರೆ ಶಾಸನ ನೋಡಲು ಹಾಸನ ಜಿಲ್ಲೆಯವರೆಗೆ ಹೋಗಬೇಕಾಗಿಲ್ಲ. ನಮ್ಮ ತಾಲ್ಲೂಕಿನ ದೇವಸ್ಥಾನಗಳ ಗೋಡೆಯಲ್ಲಿ, ಹೊಲದ ಬದುಗಳಲ್ಲಿ, ಕೆರೆಗಳ ಬಳಿ ಅಕ್ಷರ ಕೆತ್ತಿದ ಕಲ್ಲುಗಳಿವೆ. ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಸುತ್ತಿ ಸಂಗ್ರಹಿಸಿದ ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ಹತ್ತನೆಯ ಸಂಪುಟವನ್ನು ಕೋಲಾರ ಜಿಲ್ಲೆಗೇ ಮೀಸಲಿಟ್ಟು 1905ರಲ್ಲಿ ಪ್ರಕಟಿಸಿದರು. ಚಿಂತಾಮಣಿ ಆಗ ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಹೀಗಾಗಿ ನಮ್ಮ ತಾಲ್ಲೂಕಿನ ಶಾಸನಗಳೂ ಆ ಸಂಪುಟದಲ್ಲಿವೆ. ಅದು ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ. ಮಳೆಬಿಸಿಲಿಗೆ ಮೈಯೊಡ್ಡಿ ನಿಂತಿದ್ದ ನಮ್ಮೂರ ಕಲ್ಲಿನ ಅಕ್ಷರಗಳು ಹೀಗೆ ಕರಾವಳಿಯ ಅಚ್ಚಿನ ಮೊಳೆಗಳಾಗಿ ಪುಸ್ತಕ ಸೇರಿದವು.

ನಮ್ಮದು ಗಡಿನಾಡು. ಮದನಪಲ್ಲಿಯಿಂದ ಬರುವ ಬಸ್ಸಿನ ಬೋರ್ಡು ಓದಲು ನಮ್ಮಲ್ಲಿ ಯಾರೂ ಕಷ್ಟಪಡುವುದಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆದವರೇ ಹೆಚ್ಚು. ಕೈವಾರದ ತಾತಯ್ಯನವರು ಎರಡೂ ಭಾಷೆಗಳಲ್ಲಿ ರಚನೆ ಮಾಡಿದರು. ಎರಡೂ ಲಿಪಿಗಳ ತಾಯಿ ಒಂದೇ. ಶತಮಾನಗಳ ಕಾಲ ಕನ್ನಡ, ತೆಲುಗು ಎರಡನ್ನೂ ಹೆಚ್ಚು ಕಡಿಮೆ ಒಂದೇ ಲಿಪಿಯಲ್ಲಿ ಬರೆಯುತ್ತಿದ್ದರು. ನಿಧಾನವಾಗಿ ಅವು ಕವಲೊಡೆದವು. ಕಣ್ಣಿಗೆ ಮೊದಲು ಬೀಳುವ ವ್ಯತ್ಯಾಸ ತಲೆಕಟ್ಟಿನದು: ಕನ್ನಡದ ತಲೆಕಟ್ಟು ಅಕ್ಷರದ ಮೇಲೆ ಅಡ್ಡಲಾಗಿ ಕೂರುತ್ತದೆ, ತೆಲುಗಿನದು ಮೇಷ್ಟ್ರು ಹಾಕುವ 'ರೈಟ್' ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ಮುದ್ರಣ ಬಂದು ಎರಡಕ್ಕೂ ಬೇರೆ ಬೇರೆ ಮೊಳೆಗಳಾದ ಮೇಲೆ ಈ ವ್ಯತ್ಯಾಸ ಗಟ್ಟಿಯಾಯಿತು. ಅಣ್ಣತಮ್ಮಂದಿರು ಬೇರೆಯಾಗಿ ಮನೆಯ ನಡುವೆ ಗೋಡೆ ಹಾಕಿಕೊಂಡ ಹಾಗೆ.

ಅಕ್ಷರ ದುಂಡಗಾಗಲು ತಾಳೆಗರಿ ಕಾರಣ ಎಂಬ ವಿವರಣೆ ಹೆಚ್ಚು ಪ್ರಚಲಿತವಾಗಿದೆ. ಓಲೆಯ ಮೇಲೆ ಬರೆಯುವುದು ಶಾಯಿಯಿಂದಲ್ಲ, ಕಬ್ಬಿಣದ ಕಂಠದಿಂದ. ಗರಿಯ ನಾರು ಉದ್ದುದ್ದಕ್ಕೆ ಇರುವುದರಿಂದ ಅದೇ ದಿಕ್ಕಿನಲ್ಲಿ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ. ಬಳಸಿ ಬರೆದರೆ ಉಳಿಯುತ್ತದೆ. ಬರೆಯುವ ಸಾಮಗ್ರಿಯೇ ಬರಹದ ಅಂದವನ್ನು ತೀರ್ಮಾನಿಸುತ್ತದೆ ಎಂಬುದು ಇಲ್ಲಿಂದ ಮುಂದೆ ಪ್ರತಿ ಹೆಜ್ಜೆಯಲ್ಲೂ ಕಾಣುತ್ತದೆ.

ಕಲ್ಲಚ್ಚು, ಮೊಳೆಯಚ್ಚು

ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಗ್ರಂಥ 1817ರಲ್ಲಿ ದೂರದ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದರು. ನಾವು ಇಂದಿಗೂ ಆ ದಿನವನ್ನು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಆ ಪತ್ರಿಕೆ ಅಚ್ಚಾದದ್ದು ಮೊಳೆಗಳಿಂದಲ್ಲ, ಕಲ್ಲಚ್ಚಿನಿಂದ. ಜರ್ಮನಿಯ ಬವೇರಿಯಾದಲ್ಲಿ 1796ರ ಸುಮಾರಿಗೆ ಅಲೋಯ್ಸ್ ಸೆನೆಫೆಲ್ಡರ್ ಕಂಡುಹಿಡಿದ ವಿಧಾನ ಅದು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರಹ ಮೂಡಿಸಿ, ಕಲ್ಲನ್ನು ಒದ್ದೆ ಮಾಡಿ, ಮಸಿ ಸವರುತ್ತಾರೆ. ನೀರಿದ್ದ ಕಡೆ ಮಸಿ ಹತ್ತುವುದಿಲ್ಲ, ಜಿಡ್ಡಿದ್ದ ಕಡೆ ಹತ್ತುತ್ತದೆ. ಅಂದರೆ ಮೊದಲ ಕನ್ನಡ ಪತ್ರಿಕೆಯ ಓದುಗರು ಓದಿದ್ದು ಕೈಬರಹವನ್ನೇ.

ಮೊಳೆಯಚ್ಚಿನ ಕಷ್ಟ ಬೇರೆ. ಇಂಗ್ಲಿಷಿಗೆ ಚಿಕ್ಕವು, ದೊಡ್ಡವು ಸೇರಿ 52 ಅಕ್ಷರ ಸಾಕು. ಕನ್ನಡಕ್ಕೆ ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಮೊಳೆಗಳು ಬೇಕು. ಕೊಂಬು, ಗುಡಿಸು, ಏತ್ವ ಎಲ್ಲವೂ ಅಕ್ಷರಕ್ಕೆ ಅಂಟಿಕೊಂಡೇ ಬರುತ್ತವೆ. ಒತ್ತುಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಜಾಗ ಬಿಡಬೇಕು. ಮೊಳೆ ಜೋಡಿಸುವವರು ಇದೆಲ್ಲವನ್ನೂ ತಲೆಕೆಳಗಾಗಿ, ಕನ್ನಡಿಯ ಬಿಂಬದ ಹಾಗೆ ಓದುತ್ತ ಜೋಡಿಸುತ್ತಿದ್ದರು. 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಕಿಟೆಲರ ನಿಘಂಟಿನ ಒಂದು ಪುಟ ತೆರೆದು ನೋಡಿ. ಹಲವು ಲಿಪಿಗಳು ಒಂದೇ ಪುಟದಲ್ಲಿ ಒಪ್ಪವಾಗಿ ಕುಳಿತಿವೆ. ಆ ಮೊಳೆ ಜೋಡಿಸಿದವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ.

ಹೊರಗೆ ಏನು ನಡೆಯುತ್ತಿತ್ತು?

ಅದೇ ಕಾಲದಲ್ಲಿ ಯೂರೋಪಿನಲ್ಲಿ ಅಕ್ಷರ ಮತ್ತು ಪುಟವಿನ್ಯಾಸದ ದೊಡ್ಡ ಚಳವಳಿಗಳು ನಡೆದವು. ಯಂತ್ರದ ಅಗ್ಗದ ಮುದ್ರಣದಿಂದ ಪುಸ್ತಕದ ಅಂದ ಕೆಟ್ಟಿತೆಂದು ಬೇಸತ್ತ ವಿಲಿಯಂ ಮಾರಿಸ್ 1891ರಲ್ಲಿ ಇಂಗ್ಲೆಂಡಿನಲ್ಲಿ ಕೆಲ್ಮ್‌ಸ್ಕಾಟ್ ಮುದ್ರಣಾಲಯ ಆರಂಭಿಸಿದ. ಹೊಸ ಅಕ್ಷರ ರೂಪಿಸಲು ಅವನು ಹೋದದ್ದು ನಾಲ್ಕು ನೂರು ವರ್ಷ ಹಿಂದಕ್ಕೆ. ವೆನಿಸ್‌ನಲ್ಲಿ ನಿಕೊಲಸ್ ಜೆನ್ಸನ್ ಎಂಬಾತ ಮುದ್ರಿಸಿದ್ದ ಪುಟಗಳ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಅದರ ಮೇಲೆ ಕೈಯಾಡಿಸಿ ಕಲಿತ.

ಜರ್ಮನಿಯಲ್ಲಿ 1919ರಲ್ಲಿ ವಾಲ್ಟರ್ ಗ್ರೋಪಿಯಸ್ ಆರಂಭಿಸಿದ ಬೌಹೌಸ್ ಶಾಲೆಯಿಂದ ಬೆಳೆದ ದಾರಿ ಬೇರೆಯದು. ಅಲಂಕಾರ ಬೇಡ, ಕೆಲಸಕ್ಕೆ ಬೇಕಾದಷ್ಟೇ ರೂಪ ಸಾಕು ಎಂಬುದು ಅದರ ಗುರುತಾಯಿತು. ಅಲ್ಲಿನ ಹರ್ಬರ್ಟ್ ಬೇಯರ್ 1925ರಲ್ಲಿ ದೊಡ್ಡಕ್ಷರಗಳನ್ನೇ ಕೈಬಿಟ್ಟು ಒಂದು ವರ್ಣಮಾಲೆ ರೂಪಿಸಿದ. ಬೌಹೌಸ್ ಕಲಾವಿದರ ಕೃತಿಗಳು 1922ರಲ್ಲೇ ಕಲ್ಕತ್ತೆಯಲ್ಲಿ ಪ್ರದರ್ಶನಗೊಂಡಿದ್ದವು. ನಾಜಿಗಳ ಒತ್ತಡದಿಂದ 1933ರಲ್ಲಿ ಆ ಶಾಲೆ ಮುಚ್ಚಿತು. ನಂತರ 1957ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇಂದು ಜಗತ್ತೆಲ್ಲ ಬಳಸುವ 'ಹೆಲ್ವೆಟಿಕಾ' ಹುಟ್ಟಿತು. ಅದನ್ನು ಎರಕ ಹೊಯ್ದ ಕಾರ್ಖಾನೆ ಇದ್ದದ್ದು ಬಾಸೆಲ್ ನಗರದ ಮಗ್ಗುಲಲ್ಲಿ. ನಮ್ಮ ಶಾಸನಗಳನ್ನು ಅಚ್ಚು ಮಾಡಿದ ಮಿಷನ್ನಿನ ಹೆಸರಿನಲ್ಲಿರುವುದೂ ಅದೇ ಬಾಸೆಲ್. ಇದು ಕಾಕತಾಳೀಯವೇ ಇರಬಹುದು, ಆದರೂ ನನಗೆ ಖುಷಿ ಕೊಡುವ ಸಂಗತಿ.

ನಮ್ಮಲ್ಲೂ ಇಂಥ ಉದಾಹರಣೆಗಳಿಲ್ಲದಿಲ್ಲ. ಸಿನಿಮಾ ನಿರ್ದೇಶಕರೆಂದು ನಾವು ಬಲ್ಲ ಸತ್ಯಜಿತ್ ರಾಯ್ ಅದಕ್ಕೂ ಮೊದಲು ಪುಸ್ತಕಗಳ ಮುಖಪುಟ ಬರೆಯುತ್ತಿದ್ದರು, ಅಕ್ಷರಗಳನ್ನೂ ರೂಪಿಸಿದರು. ಇನ್ನೂ ಹತ್ತಿರದ್ದು ಬೇಕೆಂದರೆ ಬಚ್ಚಲಮನೆಗೆ ಹೋಗಿ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಅದರ ಬೆನ್ನಿಗೇ ಬಂದದ್ದು ಮೈಸೂರು ಸ್ಯಾಂಡಲ್ ಸೋಪು. ಅದರ ಮೇಲಿರುವ ಗುರುತು ಶರಭ: ಸಿಂಹದ ಮೈ, ಆನೆಯ ತಲೆ. ಹೊಸ ಕಾಲದ ಕಾರ್ಖಾನೆಯ ಸರಕಿಗೆ ನಮ್ಮ ಪುರಾಣದಿಂದ, ದೇಗುಲದ ಶಿಲ್ಪದಿಂದ ಗುರುತು ಸಿಕ್ಕಿತು. ನೂರು ವರ್ಷ ಕಳೆದರೂ ಅದನ್ನು ಬದಲಿಸಬೇಕೆಂದು ಯಾರಿಗೂ ಅನಿಸಿಲ್ಲ.

ಮಾರಿಸ್ ಹಳೆಯ ಪುಟದ ಕಡೆ ಹೋದ, ಬೌಹೌಸಿನವರು ಯಂತ್ರದ ಕಡೆ, ನಮ್ಮವರು ಪುರಾಣದ ಕಡೆ. ಯಾರೂ ಬರಿಗೈಯಲ್ಲಿ ಕುಳಿತು ಸ್ಫೂರ್ತಿಗಾಗಿ ಕಾಯಲಿಲ್ಲ. ಏನನ್ನಾದರೂ ಗಮನವಿಟ್ಟು ನೋಡಿದರು, ಅಷ್ಟೆ.

ಕಂಪ್ಯೂಟರಿಗೆ ಬಂದ ಕನ್ನಡ

ಇನ್ನು ನನ್ನ ತಪ್ಪಿನ ಕಥೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ರಸೀದಿ ಮುದ್ರಿಸುವ ಒಂದು ತಂತ್ರಾಂಶ ಬರೆದೆ. ಹೆಸರಿನ ಜಾಗ ಕಿರಿದಾಗಿತ್ತು. ಹತ್ತು ಅಕ್ಷರ ಸಾಕೆಂದು ಅಷ್ಟಕ್ಕೇ ಕತ್ತರಿಸಿದೆ. 'ವೆಂಕಟಲಕ್ಷ್ಮಮ್ಮ' ಎಂಬ ಹೆಸರು 'ವೆಂಕಟಲಕ್ಷ್' ಎಂದು ಅಚ್ಚಾಗಿ ಬಂತು. ನಮ್ಮ ಕಣ್ಣಿಗೆ ಆ ಹೆಸರಿನಲ್ಲಿರುವುದು ಆರೇ ಅಕ್ಷರ: ವೆಂ, ಕ, ಟ, ಲ, ಕ್ಷ್ಮ, ಮ್ಮ. ಕಂಪ್ಯೂಟರಿನ ಲೆಕ್ಕದಲ್ಲಿ ಹದಿನಾಲ್ಕು. 'ಕ್ಷ್ಮ' ಒಂದನ್ನೇ ಅದು ಕ, ಅರ್ಧಚಿಹ್ನೆ, ಷ, ಅರ್ಧಚಿಹ್ನೆ, ಮ ಎಂದು ಐದಾಗಿ ಎಣಿಸುತ್ತದೆ. ನಾನು ಪರೀಕ್ಷೆ ಮಾಡಿದ್ದು ಇಂಗ್ಲಿಷ್ ಹೆಸರುಗಳಿಂದ ಮಾತ್ರ. ರಸೀದಿ ಹಿಡಿದವರು ಅದು ತಮ್ಮ ಹೆಸರೇ ಅಲ್ಲ ಎಂದರಂತೆ. ಅವರು ಹೇಳಿದ್ದು ನಿಜವೇ. ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಕನ್ನಡದ ಕಾಗುಣಿತವನ್ನೇ ಮರೆತಿದ್ದೆ. ಅಂದು ಬಹಳ ನಾಚಿಕೆಯಾಯಿತು.

ಆಮೇಲೆ ಓದಿ ತಿಳಿದೆ: ಈ ತೊಡಕನ್ನು ನನಗಿಂತ ಎಷ್ಟೋ ಮೊದಲು ಬಿಡಿಸಿದವರಿದ್ದಾರೆ. ಮುದ್ರಣ ತಂತ್ರಜ್ಞಾನದಲ್ಲಿ ಪಳಗಿದ್ದ ಕೆ.ಪಿ. ರಾವ್ ಅವರು ಕನ್ನಡದ ಧ್ವನಿಕ್ರಮವನ್ನೇ ಆಧಾರವಾಗಿಟ್ಟುಕೊಂಡು, ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ ಇಡೀ ಕನ್ನಡ ಬರೆಯುವ ವಿನ್ಯಾಸ ರೂಪಿಸಿದರು. ಒತ್ತಕ್ಷರಕ್ಕೆ ಬೇರೆ ಕೀಲಿ ಬೇಕಾಗಲಿಲ್ಲ. ವ್ಯಂಜನ, ನಡುವೆ ಒಂದು ಕೊಂಡಿ, ಮತ್ತೆ ವ್ಯಂಜನ ಒತ್ತಿದರೆ ಸಾಕು. ಮೊಳೆಗಳ ನೂರಾರು ಖಾನೆಗಳ ಕೆಲಸವನ್ನು ವ್ಯಾಕರಣ ಮಾಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಳಸುವುದೂ ಇದೇ ವಿನ್ಯಾಸವನ್ನು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು. ಅದಕ್ಕೂ ಮೊದಲೇ, 1991ರ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಅದು ಎಲ್ಲರ ಬಳಕೆಗೆ ಬರಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ವಿಂಡೋಸ್‌ನ 'ತುಂಗಾ' ಅಕ್ಷರಗಳ ಹಿಂದೆ ಮುಂಬೈಯ ಆರ್.ಕೆ. ಜೋಶಿಯವರ ಕೈಯಿದೆ. ಕ್ಯಾಲಿಗ್ರಫಿ ಬಲ್ಲ ಕಲಾವಿದರು ಅವರು.

ನಮ್ಮ ಗೋಡೆ

ಈಗ ಮತ್ತೆ ಶಾಲೆಗೆ ಬರೋಣ. ಫ್ಲೆಕ್ಸ್ ಬಂದ ಮೇಲೆ ಗೋಡೆ ಬರೆಯುವವರಿಗೆ ಕೆಲಸ ಕಡಿಮೆಯಾಗಿದೆ. ಒಂದು ಗಂಟೆಯಲ್ಲಿ ಬ್ಯಾನರ್ ಸಿಗುವಾಗ ಎರಡು ದಿನ ಕಾಯುವವರು ಯಾರು? ಅವರನ್ನು ದೂರುವಂತಿಲ್ಲ. ಆದರೆ ಎಲ್ಲ ಬ್ಯಾನರಿನಲ್ಲೂ ಅವೇ ನಾಲ್ಕು ಅಕ್ಷರ ಶೈಲಿಗಳು. ಒಬ್ಬ ಪೇಂಟರಿನ 'ಶ್ರೀ' ಇನ್ನೊಬ್ಬರ 'ಶ್ರೀ'ಯಂತೆ ಇರುತ್ತಿರಲಿಲ್ಲ. ನೋಡಿದ ಕೂಡಲೇ ಇದು ಇಂಥವರ ಕೈ ಎಂದು ಪೇಟೆಯವರು ಹೇಳುತ್ತಿದ್ದರು. ಸುಣ್ಣ ಬಳಿದಾಗಲೆಲ್ಲ ಅಂಥದ್ದೊಂದು ಕೈ ಮರೆಯಾಗುತ್ತದೆ. ನಮ್ಮ ವರಾಂಡದ ಸುಭಾಷಿತಗಳೂ ಹಾಗೆಯೇ ಹೋದವು. ಅವುಗಳ ಒಂದು ಫೋಟೋ ಕೂಡ ನಮ್ಮ ಬ್ಯಾಚಿನ ಯಾರ ಹತ್ತಿರವೂ ಇಲ್ಲ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ, ಗುರುಗಳಲ್ಲಿ, ಊರವರಲ್ಲಿ ಮೂರು ವಿನಂತಿ. ಒಂದು, ಚಿಂತಾಮಣಿ ಪೇಟೆಯಲ್ಲಿ, ಹಳ್ಳಿಗಳಲ್ಲಿ ಉಳಿದಿರುವ ಕೈಬರಹದ ಬೋರ್ಡುಗಳ ಫೋಟೋ ತೆಗೆದು ಶಾಲೆಗೆ ಕೊಡೋಣ. ಫೋನ್ ಎಲ್ಲರ ಕೈಯಲ್ಲೂ ಇದೆ. ಎರಡು, ಊರಿನ ಅಕ್ಷರವಿರುವ ಕಲ್ಲುಗಳನ್ನು ಬಟ್ಟೆ ಒಗೆಯಲು, ಚಪ್ಪಡಿ ಹಾಸಲು ಬಳಸದೆ ನಿಲ್ಲಿಸಿ ಉಳಿಸೋಣ. ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಅವುಗಳ ಬಳಿ ಕರೆದೊಯ್ಯೋಣ. ಮೂರು, ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಹೆಸರಿನ ಫಲಕವನ್ನು ಫ್ಲೆಕ್ಸಿನಲ್ಲಿ ಮಾಡಿಸದೆ, ನಮ್ಮೂರಿನ ಒಬ್ಬ ಪೇಂಟರಿನ ಕೈಯಲ್ಲೇ ಬರೆಸೋಣ. ಕೆಳಗೆ ಮೂಲೆಯಲ್ಲಿ ಅವರ ಹೆಸರೂ ಇರಲಿ. ಅದರ ಖರ್ಚನ್ನು ನಮ್ಮ ಬ್ಯಾಚಿನವರು ಕೊಡಲು ಒಪ್ಪಿದ್ದಾರೆ. ಬರೆಸುವುದು ಶಾಲೆ ನಡೆಯುವ ದಿನವೇ ಆಗಲಿ, ಭಾನುವಾರ ಬೇಡ. ಕಿಟಕಿಯಿಂದ ನೋಡುವ ಮಕ್ಕಳನ್ನು ಆ ಒಂದು ದಿನ ಮೇಷ್ಟ್ರು ಗದರಿಸದಿದ್ದರೆ ಸಾಕು.